ಔಡಲೆಣ್ಣೆ ಹಚ್ಚಿದ ಬೆಲ್ಟು

ಹೊಳೆದಂಡೆಯ ಆ ಆಶ್ರಮದಲ್ಲಿ ಇದ್ದವರು ಮೂರೇ ಮಂದಿ. ಗುರುಗಳಾದ ಸೋಮಲಿಂಗಜ್ಜ, ಅವರ ಶಿಷ್ಯ ಫಕೀರಪ್ಪ, ಅಡುಗೆಯ ನೀಲವ್ವ.

ಅವರ ಜೊತೆಗೆ ಒಂದು ಹಳೆಯ ಪಿಕಪ್ ಗಾಡಿ, ಭಕ್ತರೊಬ್ಬರು ಕೊಟ್ಟುಹೋದದ್ದು. ಅದನ್ನೂ ಎಣಿಸಿಕೊಳ್ಳಬೇಕು. ಈ ಕಥೆಯಲ್ಲಿ ಮೊದಲು ಬಾಯಿ ತೆರೆದದ್ದು ಅದೇ.

ಶ್ರಾವಣದ ತಂಪು. ದಿನಾ ಬೆಳಗಾಗುತ್ತಲೇ ಫಕೀರಪ್ಪ ಕುಡಿಯುವ ನೀರಿನ ಕ್ಯಾನುಗಳನ್ನು ತುಂಬಿಸಿಕೊಂಡು ಬರಲು ಗಾಡಿ ಚಾಲೂ ಮಾಡುತ್ತಿದ್ದ. ಮಾಡಿದ್ದೇ ತಡ, ಬಾನೆಟ್ಟಿನ ಒಳಗಿಂದ ಕಿರ್ರೋ ಎಂದು ಒಂದು ಕೀರಲು ಸಪ್ಪಳ ಏಳುತ್ತಿತ್ತು. ಅಜ್ಜಾರು ಧ್ಯಾನಕ್ಕೆ ಕೂರುವುದೂ ಅದೇ ಹೊತ್ತಿಗೆ.

ಫಕೀರಪ್ಪನಿಗೆ ಆ ಸಪ್ಪಳ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಅವನನ್ನು ಬೈಯುವ ಮೊದಲು ಒಂದು ಸಂಗತಿ ತಿಳಿದಿರಲಿ. ಆತ ಹದಿನೆಂಟು ವರ್ಷ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ದುಡಿದವನು. ಒಂದೇ ಸೂರಿನ ಕೆಳಗೆ ಅರವತ್ತು ಮಗ್ಗ. ಅಲ್ಲಿ ಒಬ್ಬರ ಮಾತನ್ನು ಒಬ್ಬರು ತುಟಿ ನೋಡಿ ತಿಳಿಯಬೇಕು. ಮನೆಗೆ ಹೋಗಿ ಮಲಗಿದರೂ ಲಾಳಿ ತಲೆಯೊಳಗೆ ಓಡುತ್ತಲೇ ಇರುತ್ತಿತ್ತಂತೆ.

ಆರು ವರ್ಷದ ಹಿಂದೆ, ಆಶ್ರಮಕ್ಕೆ ಬಂದ ದಿನ, ಏನು ಬೇಕಪ್ಪಾ ಎಂದು ಅಜ್ಜಾರು ಕೇಳಿದ್ದರು.

"ಸಪ್ಪಳ ಇಲ್ಲದ ಜಾಗ ಬೇಕ್ರಿ" ಅಂದಿದ್ದ.

ಅಜ್ಜಾರು ನಕ್ಕರು. ಹೊಳೆಯ ಕಡೆ ಕೈ ತೋರಿಸಿ, ಅದು ಹಗಲೂ ರಾತ್ರಿ ಒದರತೈತಿ, ನಡೀತೈತೇನು ಎಂದು ಕೇಳಿದರು. ನಡೆಯುತ್ತದೆ ಅಂದ.

ಆ ದಿನ ಅವನಿಗೆ ರೊಟ್ಟಿ ಬಡಿಸಿದವಳು ನೀಲವ್ವ. ಮೂರನೆಯ ರೊಟ್ಟಿ ಹಾಕುವಾಗ, ಮಗ್ಗದ ಮುಂದ ನಿಂತು ನಿಂತು ನೀನೂ ನೂಲಾಗೀಯಲ್ಲೋ ತಮ್ಮಾ ಎಂದು ಬೈದಳು. ತುಪ್ಪ ಮಾತ್ರ ಜಾಸ್ತಿ ಹಾಕಿದಳು. ಅಂದಿನಿಂದ ಅವನು ಅವಳಿಗೆ ತಮ್ಮ.

ನೀಲವ್ವ ಗೊಣಗುವುದನ್ನು ಕೇಳಬೇಕಿತ್ತು ನೀವು. ಒಲೆ ಹೊಗೆಯಾಡಿದರೆ ಒಲೆಗೆ, ಉಪ್ಪು ನೀರೊಡೆದರೆ ಮಳೆಗೆ, ಬೆಕ್ಕು ಕಂಡರೆ ಬೆಕ್ಕಿಗೆ. ಯಾರೂ ಸಿಗದಿದ್ದರೆ ತನ್ನ ಮೊಣಕಾಲಿಗೆ, ತನ್ನ ಸಕ್ಕರೆ ಬೇನೆಗೆ, ಅದರ ಗುಳಿಗೆಗೆ. ಬೆಳಿಗ್ಗೆ ಐದಕ್ಕೆ ಶುರುವಾದರೆ ರಾತ್ರಿ ಚಾಪೆ ಹಾಸುವವರೆಗೆ ಅವಳ ಬಾಯಿಗೆ ಬಿಡುವಿರಲಿಲ್ಲ.

ಅಜ್ಜಾರು ಅದನ್ನು ಕೇಳಿಯೂ ಕೇಳದವರ ಹಾಗೆ ಇರುತ್ತಿದ್ದರು. ಅದೆಂಥ ಸ್ಥಿರಚಿತ್ತ ಎಂದು ಫಕೀರಪ್ಪನಿಗೆ ಬೆರಗು.

ಶ್ರಾವಣ ಹಿಡಿಯುವ ದಿನ ಆಶ್ರಮದಲ್ಲಿ ಎಲ್ಲರೂ ಒಂದೊಂದು ವ್ರತ ಹಿಡಿಯುವುದು ವಾಡಿಕೆ. ಯಾರಿಗೆ ಯಾವ ವ್ರತ ಎಂದು ಅಜ್ಜಾರೇ ಹೇಳುತ್ತಿದ್ದರು. ಈ ವರ್ಷ ಅವರು ಫಕೀರಪ್ಪನ ಕಡೆ ನೋಡಿ, ಆರು ವರ್ಷ ಆತು, ಈ ಸಲ ನೀನ ಹೇಳಪಾ ಅಂದರು.

ಫಕೀರಪ್ಪ ತನಗೆ ಒಪ್ಪೊತ್ತಿನ ಊಟ ಅಂದುಕೊಂಡ. ನೀಲವ್ವನಿಗೆ ತಿಂಗಳಿಡೀ ಮೌನ ಅಂದ.

ಹೇಳುವಾಗ ಬಹಳ ನಯವಾಗಿ ಹೇಳಿದ. ಮಾತು ಕಡಿಮೆಯಾದರೆ ಮನಸ್ಸು ತಿಳಿಯಾಗುತ್ತದೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಇತ್ಯಾದಿ. ನೀಲವ್ವ ಸೆರಗು ಸರಿಪಡಿಸಿಕೊಳ್ಳುತ್ತಾ ಅವನ ಮುಖವನ್ನೇ ನೋಡಿದಳು.

"ನನ್ನ ಬಾಯಿ ನಿನಗ ಅಷ್ಟು ಬ್ಯಾಸರ ಆಗೇತೇನೋ ತಮ್ಮಾ?"

ಹಾಗಲ್ಲ ನೀಲವ್ವಾ ಎಂದು ಅವನು ತಡವರಿಸಿದ. ಅವಳು ನಕ್ಕುಬಿಟ್ಟಳು.

"ಆತು ಬಿಡು. ನೀ ಕೊಟ್ಟಿ, ನಾ ಹಿಡದೆ."

ಆಗತೈತೇನವ್ವಾ ಎಂದು ಅಜ್ಜಾರು ಕೇಳುವಷ್ಟರಲ್ಲಿ ಅವಳು ತುಟಿಯ ಮೇಲೆ ಬೆರಳಿಟ್ಟಾಗಿತ್ತು.

ಮಾರನೆಯ ದಿನದಿಂದ ಅಡುಗೆಮನೆ ತಣ್ಣಗಾಯಿತು. ಸೌಟು ಪಾತ್ರೆಗೆ ತಾಗುವ ಸಪ್ಪಳ ಒಂದು ಬಿಟ್ಟರೆ ಏನೂ ಇಲ್ಲ. ಫಕೀರಪ್ಪ ಕಣ್ಣು ಮುಚ್ಚಿ ಕೂತರೆ ಹೊಳೆ ಹರಿಯುವುದು ಕಿವಿಯ ಬುಡದಲ್ಲೇ ಹರಿದ ಹಾಗೆ ಕೇಳುತ್ತಿತ್ತು. ಇದಕ್ಕಾಗಿಯೇ ನಾನು ಆರು ವರ್ಷ ಕಾದೆ ಅಂದುಕೊಂಡ.

ಇನ್ನು ಉಳಿದದ್ದು ಗಾಡಿಯ ಸಪ್ಪಳ.

ಒಂದು ದಿನ ಬಾನೆಟ್ ಎತ್ತಿ ನೋಡಿದ. ಒಂದೇ ಒಂದು ಉದ್ದನೆಯ ಕರಿ ಬೆಲ್ಟು, ಹಾವು ಸುತ್ತಿಕೊಂಡ ಹಾಗೆ ಆರೇಳು ಗಾಲಿಗಳ ಮೇಲೆ ಹಾಯ್ದು, ಕೆಳಗೆ ನುಸುಳಿ, ಮತ್ತೆ ಮೇಲೆ ಬಂದಿತ್ತು. ಕಿರ್ರೋ ಅನ್ನುತ್ತಿದ್ದದ್ದು ಅದೇ.

ಅವನಿಗೆ ಮಗ್ಗದ ಶೆಡ್ಡು ನೆನಪಾಯಿತು. ಅಲ್ಲಿ ಹಳೆಯ ಮಗ್ಗಗಳಿಗೆ ಚರ್ಮದ ಪಟ್ಟಾ ಇರುತ್ತಿದ್ದವು. ಪಟ್ಟಾ ಒಣಗಿ ಒದರಿದರೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಚ್ಚುವುದು. ಹಚ್ಚಿದರೆ ಮೆತ್ತಗಾಗಿ ಸುಮ್ಮನಾಗುತ್ತಿತ್ತು. ಹದಿನೆಂಟು ವರ್ಷ ಅವನೇ ಕೈಯಾರೆ ಮಾಡಿದ ಕೆಲಸ ಅದು.

ಆಶ್ರಮದ ನಂದಾದೀಪಕ್ಕೆ ಹಾಕುವುದೂ ಔಡಲೆಣ್ಣೆಯನ್ನೇ. ಒಂದು ಬಟ್ಟಲು ತಂದ. ಬೆಲ್ಟಿನ ಉದ್ದಕ್ಕೂ, ಒಳಗೂ ಹೊರಗೂ, ದೇವರಿಗೆ ಅಭ್ಯಂಜನ ಮಾಡಿಸುವಷ್ಟು ಭಕ್ತಿಯಿಂದ ಸವರಿದ.

ಮಾರನೆಯ ಬೆಳಿಗ್ಗೆ ಗಾಡಿ ಚಾಲೂ ಮಾಡಿದ. ಕಿರ್ರೋ ಇಲ್ಲ. ಎಂಜಿನ್ನಿನ ಗುಡುಗುಡು ಅಷ್ಟೇ.

ಅಜ್ಜಾರಿಗೆ ಹೇಳಲಿಲ್ಲ. ಗುರುವಿನ ಧ್ಯಾನಕ್ಕೆ ಕಾವಲಿರುವವನು ಅದನ್ನು ಡಂಗುರ ಸಾರಬಾರದು ಎಂದು ತನಗೆ ತಾನೇ ಹೇಳಿಕೊಂಡ. ಒಳಗೊಳಗೆ ಮಾತ್ರ ಹಿಗ್ಗಿ ಹೀರೇಕಾಯಿ ಆಗಿದ್ದ.

ಆಮೇಲಿನ ನಾಲ್ಕು ದಿನ ಅವನಂಥ ಸುಖಿ ಹೊಳೆಯ ಎರಡೂ ದಂಡೆಯಲ್ಲಿ ಇರಲಿಲ್ಲ. ನೀಲವ್ವ ಕೂಡ ಎಷ್ಟು ಬದಲಾಗಿದ್ದಳು. ಮೊದಲೆಲ್ಲ ದಡದಡ ನಡೆಯುತ್ತಿದ್ದವಳು ಈಗ ಹಿಮ್ಮಡಿಯ ಮೇಲೆ ಮೆಲ್ಲಗೆ ಹೆಜ್ಜೆ ಇಡುತ್ತಿದ್ದಳು. ಹೆಜ್ಜೆಯ ಸಪ್ಪಳವೂ ಆಗಬಾರದು ಎಂದು ಇಷ್ಟು ನಿಷ್ಠೆಯೇ ಎಂದು ಫಕೀರಪ್ಪನ ಕಣ್ಣು ತುಂಬಿ ಬಂದಿತ್ತು. ನಿಜವಾಗಿಯೂ ತುಂಬಿ ಬಂದಿತ್ತು, ಪಾಪ.

ಐದನೆಯ ದಿನ ಬೆಳಿಗ್ಗೆ ಒಲೆ ಹೊತ್ತಿರಲಿಲ್ಲ.

ಫಕೀರಪ್ಪ ಹೋಗಿ ನೋಡಿದರೆ ನೀಲವ್ವ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಮೈ ಮುಟ್ಟಿದರೆ ಕೆಂಡ. ಬಲಗಾಲಿಗೆ ಹಳೆಯ ಸೀರೆಯ ಚೂರು ಸುತ್ತಿಕೊಂಡಿದ್ದಳು. ಅವನು ಹೋಗಿ ಅಜ್ಜಾರನ್ನು ಕರೆದ.

ಅಜ್ಜಾರು ಬಂದು, ನೆಲಕ್ಕೆ ಕೂತು, ಬಟ್ಟೆ ಬಿಚ್ಚಿದರು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಕರ್ರಗಾಗಿದ್ದವು. ಪಾದ ಊದಿ ಹೊಳೆಯುತ್ತಿತ್ತು. ಬೆರಳುಗಳ ನಡುವೆ ಮುರಿದ ಜಾಲಿಮುಳ್ಳಿನ ಗುರುತು. ಒಲೆಗೆ ಕಟ್ಟಿಗೆ ಎಳೆಯುವಾಗ ನೆಟ್ಟದ್ದಿರಬೇಕು. ಸಕ್ಕರೆ ಬೇನೆಯವರಿಗೆ ಅಷ್ಟು ಸಾಕು.

"ಯಾಕ ಹೇಳಲಿಲ್ಲ ನೀಲವ್ವಾ?" ಫಕೀರಪ್ಪ ಅವಳತ್ತ ಬಗ್ಗಿದ.

ಅವಳು ಕಣ್ಣು ತೆರೆದು ಅವನನ್ನು ನೋಡಿದಳು. ಅಂಥ ಜ್ವರದಲ್ಲೂ ಬೆರಳೆತ್ತಿ ತುಟಿಯ ಮೇಲೆ ಇಟ್ಟಳು.

ಆ ಬೆರಳನ್ನು ನೋಡಿ ಫಕೀರಪ್ಪ ದಡಕ್ಕನೆ ಎದ್ದ. ಓಡಿಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದ. ಹೊಳೆ ಬಂದು ಸೇತುವೆ ಮುಳುಗಿದೆ, ಸುತ್ತುಹಾಕಿ ಬರಲು ಮೂರು ತಾಸು ಬೇಕು ಅಂದರು.

ಅಜ್ಜಾರು ಅಷ್ಟು ಕಾಯುವಂತಿಲ್ಲ ಅಂದರು. ಕಾಲಿನ ಬಣ್ಣ ನೋಡು, ತಡ ಆದಷ್ಟೂ ನಂಜು ಮೇಲೆ ಏರತೈತಿ, ಕಾಲೂ ಹೋದೀತು, ಜೀವಾನೂ ಹೋದೀತು. ಗಾಡಿ ತಗಿ.

ಹಿಂದಿನ ತೊಟ್ಟಿಯಲ್ಲಿ ಗಾದಿ ಹಾಸಿ ನೀಲವ್ವನನ್ನು ಮಲಗಿಸಿದರು. ಮೇಲೆ ತಾಡಪತ್ರಿ ಕಟ್ಟಿದರು. ಅಜ್ಜಾರು ಪಕ್ಕದಲ್ಲಿ ಕೂತು ಆ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಫಕೀರಪ್ಪ ಸೇತುವೆ ತಪ್ಪಿಸಿ, ಆಂಬುಲೆನ್ಸು ಬಾರದ ಕಾಲುವೆಯ ದಂಡೆಯ ಕಚ್ಚಾ ರಸ್ತೆ ಹಿಡಿದ. ಊರಿನ ದೊಡ್ಡ ದವಾಖಾನೆಗೆ ಮೂವತ್ತು ಕಿಲೋಮೀಟರು.

ಹನ್ನೆರಡು ಕಿಲೋಮೀಟರು ಹೋಗಿರಬಹುದು. ಮುಂದೆ ಕೆಂಪು ದೀಪ ಹತ್ತಿಕೊಂಡಿತು. ಸ್ಟೇರಿಂಗ್ ಕಲ್ಲಿನಂತೆ ಬಿಗಿಯಾಯಿತು. ಕಾವಿನ ಮುಳ್ಳು ಮೇಲೇರಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಫಕೀರಪ್ಪ ಗಾಡಿಯನ್ನು ದಂಡೆಗೆ ತಂದು ನಿಲ್ಲಿಸಿದ.

ಬಾನೆಟ್ ಎತ್ತಿದರೆ ಬೆಲ್ಟು ಕಳಚಿ ಜೋತುಬಿದ್ದಿತ್ತು. ಉಬ್ಬಿ, ಪದರು ಕಿತ್ತು, ಅಂಟಂಟಾಗಿತ್ತು.

ಹಿಂದೂ ಮುಂದೂ ಒಂದು ಗಾಡಿ ಇಲ್ಲ. ಮನುಷ್ಯರ ಸುಳಿವಿಲ್ಲ. ಕಾಲುವೆಯಲ್ಲಿ ಕೆಂಪು ನೀರು ಹರಿಯುತ್ತಿತ್ತು.

ಅಜ್ಜಾರು ನೀಲವ್ವನ ಕಾಲಿನ ಕೆಳಗೆ ದಿಂಬು ಕೊಟ್ಟು ಇಳಿದು ಬಂದರು. ಕಾವಿ ಉಡುವ ಮೊದಲು ಅವರು ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಜೋತುಬಿದ್ದ ಬೆಲ್ಟನ್ನು ಎಳೆದು ತೆಗೆದು, ಬೆರಳಿನಿಂದ ಉಜ್ಜಿ, ಮೂಗಿಗೆ ಹಿಡಿದರು.

"ಔಡಲೆಣ್ಣಿ."

"ಹೌದ್ರಿ ಅಜ್ಜಾರ."

"ಯಾರು ಹಚ್ಚಿದ್ರು?"

"ನಾನ್ರಿ."

"ಯಾಕ?"

"ದಿನಾ ಮುಂಜಾನೆ ಒದರತಿತ್ರಿ. ನಿಮ್ಮ ಧ್ಯಾನ ಕೆಡಬಾರದಂತ ಹಚ್ಚಿದೆ."

ಅಜ್ಜಾರು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಡ್ರೈವರ್ ಸೀಟನ್ನು ಎತ್ತಿ, ಅದರ ಕೆಳಗಿನ ಚೀಲ ತಾ ಅಂದರು.

ಚೀಲದಲ್ಲಿ ನಟ್ಟು ತಿರುಗಿಸುವ ಎರಡು ಪಾನಾ, ಹಳೆಯ ಕಾಗದದಲ್ಲಿ ಸುತ್ತಿದ ಹೊಸ ಬೆಲ್ಟು. ಗಾಡಿ ಆಶ್ರಮಕ್ಕೆ ಬಂದ ವಾರವೇ ಅಜ್ಜಾರು ತರಿಸಿ ಇಟ್ಟದ್ದು. ಲಾರಿ ಓಡಿಸಿದಷ್ಟು ವರ್ಷ ಒಂದು ಬೆಲ್ಟು ಜೊತೆಗಿಲ್ಲದೆ ಅವರು ಊರು ದಾಟಿದವರಲ್ಲ. ಫಕೀರಪ್ಪ ದಿನಾ ಅದರ ಮೇಲೆ ಕೂತು ಓಡಾಡಿದ್ದ, ಗೊತ್ತೇ ಇರಲಿಲ್ಲ.

"ನೀವ ಹಾಕ್ರಿ ಅಜ್ಜಾರ. ನನ್ನ ಕೈ ನಡಗತಾವು."

ಅಜ್ಜಾರು ತಮ್ಮ ಎರಡೂ ಕೈ ಮುಂದೆ ಚಾಚಿದರು. ಎಪ್ಪತ್ತೆಂಟರ ಕೈಗಳು. ಅವೂ ನಡುಗುತ್ತಿದ್ದವು, ಅವನ ಕೈಗಿಂತ ಹೆಚ್ಚಾಗಿ.

"ನಿನ್ನವು ಇವತ್ತಷ್ಟ ನಡಗತಾವು. ಹಿಡಿ ಪಾನಾ."

ಮೊದಲು ಎಂಜಿನ್ ಆರಲಿ ಅಂದರು. ಅಷ್ಟರಲ್ಲಿ ಗಾಲಿಗಳನ್ನೆಲ್ಲ ಒರೆಸಬೇಕು. ಎಲ್ಲದಕ್ಕೂ ಎಣ್ಣೆ ಮೆತ್ತಿದೆ, ಅದರ ಮೇಲೆ ಹೊಸ ಬೆಲ್ಟು ಹಾಕಿದರೆ ಅದೂ ಜಾರುತ್ತದೆ. ಸೀಟಿನ ಹಿಂದೆ ಕೈ ತೊಳೆಯುವ ಸಾಬೂನು ಸಿಕ್ಕಿತು, ಕ್ಯಾನಿನಲ್ಲಿ ನೀರಿತ್ತು. ಒರೆಸಲು ಬಟ್ಟೆ ಇರಲಿಲ್ಲ.

ಅಜ್ಜಾರು ಹೆಗಲ ಮೇಲಿನ ಕಾವಿ ಶಾಲು ತೆಗೆದು ಚಾಚಿದರು.

ಫಕೀರಪ್ಪ ಕೈ ಹಿಂದೆ ಎಳೆದುಕೊಂಡ. ಅದು ಅವರ ಗುರುಗಳು ಹೊದಿಸಿದ ಶಾಲು. ದಿನಾ ಅವನೇ ಒಗೆದು, ನೆಲಕ್ಕೆ ತಾಗದಂತೆ ಒಣಹಾಕುತ್ತಿದ್ದದ್ದು.

"ಅರಿವಿ ಅದು, ಬರೇ ಬಟ್ಟಿ. ಒರಸು."

ಒರೆಸಿದ. ಒಂದೊಂದೇ ಗಾಲಿ, ಸಂದಿ ಸಂದಿಗೆ ಬೆರಳು ಹಾಕಿ. ಶಾಲು ಕರ್ರಗಾಯಿತು. ಒರೆಸುತ್ತಾ ಒರೆಸುತ್ತಾ ಅವನು ಅಳುತ್ತಿದ್ದ. ಅಜ್ಜಾರು ಅದನ್ನು ನೋಡದವರಂತೆ ಪಕ್ಕದಲ್ಲಿ ನಿಂತು ಬೆಲ್ಟಿನ ಕಥೆ ಹೇಳುತ್ತಿದ್ದರು. ಇದು ಮಗ್ಗದ ಚರ್ಮದ ಪಟ್ಟಾ ಅಲ್ಲ, ರಬ್ಬರು. ಎಣ್ಣೆ ಕುಡಿದರೆ ಉಬ್ಬುತ್ತದೆ. ಗೆರೆ ಸವೆದು ಹಿಡಿತ ತಪ್ಪಿದಾಗ ಕೂಗುತ್ತದೆ. ನೀರು ತಿರುಗಿಸೋದು ಇದೇ, ಬ್ಯಾಟರಿ ತುಂಬೋದು ಇದೇ, ಸ್ಟೇರಿಂಗ್ ಹಗುರ ಮಾಡೋದೂ ಇದೇ.

"ಒದರಿದ್ದು ನನ್ನ ಬದಲಿ ಮಾಡ್ರಿ ಅಂತ. ನೀ ಬಾಯಿಗೆ ಎಣ್ಣಿ ಹಾಕಿದಿ."

ಬೈಗುಳದ ದನಿ ಇರಲಿಲ್ಲ ಅದರಲ್ಲಿ. ಅದಕ್ಕೇ ಫಕೀರಪ್ಪನಿಗೆ ಇನ್ನೂ ತಡೆಯಲಾಗಲಿಲ್ಲ.

ಈಗ ಬೆಲ್ಟು ಯಾವ ದಾರಿಯಲ್ಲಿ ಸುತ್ತಬೇಕು? ಅವನಿಗೆ ನೆನಪಿಲ್ಲ. ಅಜ್ಜಾರು ಕಡ್ಡಿ ತೆಗೆದುಕೊಂಡು ಹಸಿ ಮಣ್ಣಿನಲ್ಲಿ ಏಳು ಸೊನ್ನೆ ಬರೆದರು. ಗೆರೆ ಇರುವ ಗಾಲಿಗೆ ಬೆಲ್ಟಿನ ಗೆರೆಯ ಮೈ, ನುಣುಪು ಗಾಲಿಗೆ ಬೆಲ್ಟಿನ ಬೆನ್ನು, ಇಷ್ಟು ನೆನಪಿಟ್ಟುಕೋ, ದಾರಿ ತಾನೇ ಸಿಗುತ್ತದೆ ಅಂದರು. ಫಕೀರಪ್ಪ ಮಣ್ಣಿನ ಮೇಲಿನ ಸೊನ್ನೆಗಳನ್ನು ಬೆರಳಿನಿಂದ ಒಮ್ಮೆ ಸುತ್ತಿ ನೋಡಿದ. ಮತ್ತೆ ಎಂಜಿನ್ನಿಗೆ ಬಗ್ಗಿದ.

ಬೆಲ್ಟನ್ನು ಬಿಗಿ ಹಿಡಿಯುವ ಸ್ಪ್ರಿಂಗಿನ ಗಾಲಿ ಒಂದಿರುತ್ತದೆ. ಅದನ್ನು ಪಾನಾ ಹಾಕಿ ಎಳೆದು ಹಿಡಿಯಬೇಕು, ಇನ್ನೊಂದು ಕೈಯಿಂದ ಬೆಲ್ಟು ತೂರಿಸಬೇಕು. ಮೊದಲ ಸಲ ಪಾನಾ ಜಾರಿ ಗೆಣ್ಣಿನ ತೊಗಲು ಕಿತ್ತುಹೋಯಿತು. ಎರಡನೆಯ ಸಲ ಬೆಲ್ಟು ಜಾರಿತು. ಮೂರನೆಯ ಸಲ ಕೂತಿತು.

ಫಕೀರಪ್ಪ ಬಾನೆಟ್ ಮುಚ್ಚಲು ಹೋದ. ಅಜ್ಜಾರು ಕೈ ಅಡ್ಡ ಹಿಡಿದರು. ಒಂದೊಂದು ಗಾಲಿಯ ಮೇಲೂ ಬೆರಳು ಆಡಿಸು ಅಂದರು.

"ಹೊತ್ತಾತ್ರಿ ಅಜ್ಜಾರ. ಆಕಿ ಕಾಲು..."

"ಅದಕ್ಕ ಹೇಳತೀನಿ. ಬೆರಳು ಆಡಸು."

ಐದನೆಯ ಗಾಲಿಯಲ್ಲಿ ಬೆಲ್ಟು ಒಂದು ಗೆರೆ ಹೊರಗೆ ಕೂತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಮಾತ್ರ ತಿಳಿಯಿತು. ಹಾಗೇ ಹೊರಟಿದ್ದರೆ ಇನ್ನೆರಡು ಮೈಲಿಗೆ ಮತ್ತೆ ಕಿತ್ತು ಬರುತ್ತಿತ್ತು. ಸಡಿಲಿಸಿ, ಸರಿಸಿ, ಮತ್ತೆ ಎಲ್ಲದರ ಮೇಲೂ ಬೆರಳು ಆಡಿಸಿದ.

ಆರಿದ ಎಂಜಿನ್ನಿಗೆ ನೀರು ಸುರಿದು ಚಾಲೂ ಮಾಡಿದ. ಅಜ್ಜಾರು ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತರು.

"ಒದರತೈತೇನು?"

"ಇಲ್ರಿ." ಫಕೀರಪ್ಪ ಇಳಿದು ಬಂದ. "ನಿಮಗ ಕೇಳಸಂಗಿಲ್ಲೇನ್ರಿ?"

"ಕೀರಲು ಸಪ್ಪಳ ನನಗ ಕೇಳಿ ನಾಕು ವರ್ಷ ಆತು. ಎಂಜಿನ್ ಬದಿಗಿದ್ದ ಎಡಗಿವಿ ಪೂರಾ ಹೋಗೇತಿ. ಬಲಗಿವಿಗೆ ಎದುರಿಗೆ ನಿಂತು ಆಡಿದ ಮಾತಷ್ಟ."

ಫಕೀರಪ್ಪ ಬಾಯಿ ತೆರೆದು ನಿಂತುಬಿಟ್ಟ. ಕಿರ್ರೋ ಎಂಬ ಸಪ್ಪಳದ ನಡುವೆ ಅಲುಗಾಡದೆ ಕೂತಿರುತ್ತಿದ್ದ ಗುರು. ನೀಲವ್ವನ ಗೊಣಗಾಟಕ್ಕೆ ಹುಬ್ಬೂ ಎತ್ತದ ಗುರು.

"ಹಂಗಾದ್ರ ಆ ಸಪ್ಪಳ ಯಾರ ಧ್ಯಾನ ಕೆಡಸ್ತಿತ್ತಪಾ?"

ಅಜ್ಜಾರು ಅವನ ಭುಜ ಹಿಡಿದು ಗಾಡಿಯ ಕಡೆ ತಿರುಗಿಸಿದರು.

"ನಡಿ. ತಪ್ಪು ನಿಂದ ಅಷ್ಟ ಅಲ್ಲ. ನನಗ ಕಿವಿ ಇಲ್ಲ ಖರೆ, ಕಣ್ಣಿದ್ದುವು. ಆಕಿ ಹಿಮ್ಮಡಿ ಮ್ಯಾಲ ನಡೀತಿದ್ದಳು, ನಾನೂ ನೋಡಿ ಸುಮ್ಮನ ಕುಂತೆ."

ದವಾಖಾನೆ ಮುಟ್ಟಿದಾಗ ಹತ್ತೂವರೆ. ಡಾಕ್ಟರಮ್ಮ ಕಾಲು ನೋಡಿ, ಎಷ್ಟು ದಿನದಿಂದ ನೋವು ಎಂದು ನೀಲವ್ವನನ್ನು ಕೇಳಿದರು. ನೀಲವ್ವ ಮಾತಾಡಲಿಲ್ಲ. ಎರಡೂ ಕೈ ಎತ್ತಿ ಎಂಟು ಬೆರಳು ತೋರಿಸಿದಳು.

ಎಂಟು ದಿನ. ಫಕೀರಪ್ಪ ಗೋಡೆಗೆ ಒರಗಿ ನಿಂತು ಲೆಕ್ಕ ಹಾಕಿದ. ಎಂಟು ದಿನವೂ ಅವಳು ಅವನಿಗೆ ರೊಟ್ಟಿ ಬಡಿಸಿದ್ದಳು. ಎಂಟು ದಿನವೂ ಅವನು ಕಣ್ಣು ಮುಚ್ಚಿ ಹೊಳೆಯ ಸಪ್ಪಳ ಕೇಳಿದ್ದ.

ಎರಡು ಬೆರಳು ತೆಗೆದರು. ಕಾಲು ಉಳಿಯಿತು, ಜೀವವೂ ಉಳಿಯಿತು. ಮಧ್ಯಾಹ್ನ ದಾಟಿ ಬಂದಿದ್ದರೆ ಮೊಣಕಾಲಿನ ತನಕ ತೆಗೆಯಬೇಕಿತ್ತು ಅಂದರು ಡಾಕ್ಟರಮ್ಮ.

ಅಜ್ಜಾರು ಊರಿನ ಭಕ್ತರ ಮನೆಯಲ್ಲಿ ಉಳಿದರು. ಫಕೀರಪ್ಪ ನೀಲವ್ವನ ಮಂಚದ ಕೆಳಗೇ ಉಳಿದ. ಗಂಜಿ ಕುಡಿಸಿದ, ತಲೆ ಬಾಚಿದ, ಬೇಡವೆಂದರೂ ಬಿಡದೆ ಕಾಲು ಒತ್ತಿದ, ಒಳ್ಳೆಯ ಕಾಲನ್ನು. ಅವಳು ಎಲ್ಲದಕ್ಕೂ ನಗುತ್ತಿದ್ದಳು. ಮಾತು ಮಾತ್ರ ಇಲ್ಲ. ನರ್ಸು ಸೂಜಿ ಚುಚ್ಚಿದಾಗಲೂ ತುಟಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು.

ಇಡೀ ವಾರ್ಡಿನಲ್ಲಿ ಎಲ್ಲರೂ ನರಳುತ್ತಿದ್ದರು, ಕೂಗುತ್ತಿದ್ದರು, ಜಗಳವಾಡುತ್ತಿದ್ದರು. ಫಕೀರಪ್ಪನಿಗೆ ಆ ಗದ್ದಲ ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಆ ಒಂದು ಮಂಚದ ಮೌನ ಮಾತ್ರ ತಾಳಲಾಗುತ್ತಿರಲಿಲ್ಲ.

ಆರನೆಯ ದಿನ ಅಜ್ಜಾರ ಹತ್ತಿರ ಹೋಗಿ, ಅವರ ಬಲಗಡೆ ನಿಂತು ಬೇಡಿಕೊಂಡ. ಶ್ರಾವಣ ಮುಗಿಯಲು ಇನ್ನೂ ನಾಲ್ಕು ದಿನ ಇದೆ, ಆಕೆಗೆ ನೀವೊಂದು ಮಾತು ಹೇಳಿ, ವ್ರತ ಬಿಡಿಸಿ.

"ನಾ ಕೊಟ್ಟೀನೇನು?" ಅಂದರು ಅಜ್ಜಾರು.

ಫಕೀರಪ್ಪ ವಾಪಸು ಬಂದ. ನೀಲವ್ವ ತಟ್ಟೆ ಹಿಡಿದು ಕೂತಿದ್ದಳು. ದವಾಖಾನೆಯ ಮಧ್ಯಾಹ್ನದ ಊಟ ಬಂದಿತ್ತು. ಅವನು ಮಂಚದ ತುದಿಗೆ ಹೋಗಿ, ಬ್ಯಾಂಡೇಜು ಸುತ್ತಿದ ಆ ಪಾದಕ್ಕೆ ಹಣೆ ಹಚ್ಚಿದ. ಅವಳು ಗಾಬರಿಯಾಗಿ ಕಾಲು ಎಳೆದುಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ.

"ನಾ ನಿನ್ನ ಒಳ್ಳೇದಕ್ಕ ಕೊಟ್ಟಿರಲಿಲ್ಲ ನೀಲವ್ವಾ. ನನ್ನ ಸುಖಕ್ಕ ಕೊಟ್ಟಿದ್ದೆ. ಆ ಮೌನ ನನಗ ಹೊಳ್ಳಿ ಕೊಟ್ಟಬಿಡು."

ನೀಲವ್ವ ತಟ್ಟೆಯಲ್ಲಿದ್ದ ಸಾರಿಗೆ ಬೆರಳು ಅದ್ದಿ ಬಾಯಿಗಿಟ್ಟಳು. ಮುಖ ಹುಳ್ಳಗೆ ಮಾಡಿದಳು.

"ಇದಕ್ಕ ಸಾರು ಅಂತಾರೇನೋ ತಮ್ಮಾ? ಉಪ್ಪಿಲ್ಲ, ಹುಳಿ ಇಲ್ಲ. ದನ ಮೂಸಿ ನೋಡಂಗಿಲ್ಲ ಇದನ್ನ."

ಫಕೀರಪ್ಪ ಬಿಕ್ಕಿ ಬಿಕ್ಕಿ ಅತ್ತ. ಅಳಬ್ಯಾಡ ಅಂದಳು. ಅಳೋದಾದರ ಸಾರಿನ ಮ್ಯಾಲ ಅಳು, ಉಪ್ಪರೆ ಆದೀತು ಅಂದಳು.

ಅಮಾವಾಸ್ಯೆಯ ಮಾರನೆಯ ದಿನ ಮನೆಗೆ ಕಳಿಸಿದರು. ನೀರು ಇಳಿದು ಸೇತುವೆ ಕಂಡಿತ್ತು. ಅಜ್ಜಾರು ಕಾವಿ ಶಾಲು ಹೊದ್ದು ಬಂದರು. ಎಷ್ಟು ಒಗೆದರೂ ಅದರ ಒಂದು ತುದಿಯಲ್ಲಿ ಕರಿ ಕಲೆ ಉಳಿದೇ ಇತ್ತು. ಬೇರೆ ಶಾಲು ತರುತ್ತೇನೆಂದು ಫಕೀರಪ್ಪ ಹೇಳಿದ್ದಕ್ಕೆ, ಇದಕ್ಕೆ ಬೆಲೆ ಬಂದದ್ದೇ ಈಗ ಎಂದು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಿದ್ದರು.

ಮೂವರೂ ಮುಂದೆಯೇ ಕೂತರು. ಸ್ಟೇರಿಂಗಿಗೆ ಫಕೀರಪ್ಪ, ನಡುವೆ ಅಜ್ಜಾರು, ಎಡಗಡೆ ಕಿಟಕಿಗೆ ನೀಲವ್ವ. ಚಾಲೂ ಮಾಡುವ ಮೊದಲು ಫಕೀರಪ್ಪ ಬಾನೆಟ್ ಎತ್ತಿ ಏಳೂ ಗಾಲಿಯ ಮೇಲೆ ಬೆರಳು ಆಡಿಸಿ ಬಂದ.

ಗಾಡಿ ಹೊರಟಿತು. ನೀಲವ್ವನೂ ಹೊರಟಳು. ತಿಂಗಳ ಮಾತು ಬಾಕಿ ಇತ್ತಲ್ಲ. ದವಾಖಾನೆಯ ಹಾಸಿಗೆ ಚುಚ್ಚುತ್ತಿತ್ತು. ನರ್ಸಿನ ಕೈ ಕೊಡಲಿಯ ಹಾಗಿತ್ತು. ಪಕ್ಕದ ಮಂಚದವಳ ಗೊರಕೆ. ತಾನಿಲ್ಲದೆ ಅಡುಗೆಮನೆಗೆ ಬೆಕ್ಕು ನುಗ್ಗಿ ಏನೇನು ಮಾಡಿದೆಯೋ. ಈ ತಮ್ಮ ಗುಂಡಿ ನೋಡಿ ನೋಡಿ ಅದರೊಳಗೇ ಗಾಡಿ ಇಳಿಸುತ್ತಾನೆ. ಹೋದ ಎರಡು ಬೆರಳು ಇಲ್ಲದಿದ್ದರೂ ನೋಯುತ್ತವೆ, ಇದೆಂಥ ಬೇನೆಯೋ ದೇವರೇ ಬಲ್ಲ.

ಕೊನೆಯ ಮಾತನ್ನು ಕಿಟಕಿಯ ಕಡೆ ಮುಖ ಮಾಡಿ, ಮೆಲ್ಲಗೆ, ತನಗೆ ತಾನೇ ಅಂದಳು.

ಫಕೀರಪ್ಪನಿಗೆ ಕೇಳಿಸಿತು. ಅಜ್ಜಾರ ಮುಖ ನೋಡಿದ. ಅವರು ಮುಂದೆ ರಸ್ತೆಯನ್ನೇ ನೋಡುತ್ತಾ ಕೂತಿದ್ದರು.

ಅವನು ಗಾಡಿಯ ವೇಗ ಇಳಿಸಿ, ಅವರ ಬಲಗಿವಿಯ ಕಡೆ ಬಗ್ಗಿ, ಇಲ್ಲದ ಬೆರಳು ನೋಯ್ತಾವಂತ್ರಿ ಎಂದು ಹೇಳಿದ.

ಅಜ್ಜಾರು ಗಾಡಿ ನಿಲ್ಲಿಸಲು ಹೇಳಿದರು. ಹೊಳೆಯ ಸೇತುವೆ ಇನ್ನೂ ಒಂದು ಫರ್ಲಾಂಗು ದೂರ ಇತ್ತು. ಬಾಗಿಲು ತೆಗೆಸಿ, ನೀಲವ್ವನನ್ನು ಮೆಲ್ಲಗೆ ಇಳಿಸಿ, ತಾವೂ ಇಳಿದರು. ಯಾಕ್ರಿ ಅಜ್ಜಾರ, ಮತ್ತೇನಾತು ಈ ಗಾಡಿಗೆ, ನನ್ನ ಕಾಲು ನಿಂದ್ರಂಗಿಲ್ಲ ಎಂದು ನೀಲವ್ವ ಶುರುಮಾಡಿದಳು.

ಅಜ್ಜಾರು ಅವಳ ಎರಡೂ ಕೈ ಹಿಡಿದು ನಡುವಿನ ಜಾಗಕ್ಕೆ ಹತ್ತಿಸಿದರು. ಬ್ಯಾಂಡೇಜಿನ ಕಾಲು ಗೇರಿಗೆ ತಾಗದ ಹಾಗೆ ಮಡಚಿದ ಶಾಲಿನ ಮೇಲೆ ಇಟ್ಟರು. ತಾವು ಸುತ್ತಿ ಬಂದು ಎಡಗಡೆಯ ಕಿಟಕಿಗೆ ಕೂತು ಬಾಗಿಲು ಎಳೆದುಕೊಂಡರು.

"ಈಗ ಮೊದಲಿಂದ ಹೇಳವ್ವಾ. ಕೇಳೂ ಕಿವಿ ಈ ಕಡಿಗೆ ಐತಿ."